ಆಟದ ಮಕ್ಕಳ ಮಂಡಿಯೂ ಬೆಳೆಯುವ ಮೂಳೆಯೂ

ಶ್ರಾವಣ ಕಾಲಿಟ್ಟಿತೆಂದರೆ ನಮ್ಮ ಶಾಲೆಗಳ ಬಯಲಿನಲ್ಲಿ ಸುಣ್ಣದ ಗೆರೆಗಳು ಬೀಳುತ್ತವೆ. ಮೊದಲು ಹೋಬಳಿ ಮಟ್ಟದ ಆಟಗಳು, ಆಮೇಲೆ ತಾಲ್ಲೂಕು ಮಟ್ಟದವು, ಅಲ್ಲಿ ಗೆದ್ದವರಿಗೆ ಜಿಲ್ಲಾ ಮಟ್ಟ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದವಾದರೂ, ಶಾಲೆಗಳ ಮಟ್ಟಿಗೆ ಮಧುಗಿರಿಯದೇ ಒಂದು ಶೈಕ್ಷಣಿಕ ಜಿಲ್ಲೆ. ಆದಕಾರಣ ಈ ನಾಲ್ಕು ಊರುಗಳ ಮಕ್ಕಳು ವರ್ಷಕ್ಕೊಮ್ಮೆ ಒಬ್ಬರನ್ನೊಬ್ಬರು ಕಬಡ್ಡಿಯ ಅಂಕಣದಲ್ಲಿ, ಖೋ ಖೋ ಕಂಬಗಳ ನಡುವೆ ಎದುರಿಸುತ್ತಾರೆ. ನೋಡುವ ನಮಗೆ ಅದು ಹಬ್ಬ. ಆಡುವ ಮಕ್ಕಳಿಗೆ ಹಬ್ಬಕ್ಕಿಂತ ಹೆಚ್ಚು.

ಹೀಗೊಂದು ಆಟವನ್ನು ನೀವು ಊಹಿಸಿಕೊಳ್ಳಿ. ಹದಿಮೂರು ವರ್ಷದ ಹುಡುಗ ಎದುರಾಳಿಯ ಪಾಳೆಯಕ್ಕೆ ನುಗ್ಗಿದ್ದಾನೆ; ಉಸಿರು ಬಿಡದೆ ಒಬ್ಬನನ್ನು ಮುಟ್ಟಿ ತಟಕ್ಕನೆ ಹಿಂದಕ್ಕೆ ತಿರುಗುತ್ತಾನೆ. ಪಾದ ನೆಲಕ್ಕೆ ಊರಿಕೊಂಡೇ ಇದೆ, ಮೈ ಮಾತ್ರ ತಿರುಗಿದೆ. ಮಂಡಿಯೊಳಗೆ ‘ಟಪ್’ ಎಂದು ಏನೋ ಹರಿದಂತಾಗುತ್ತದೆ. ಹುಡುಗ ಕುಸಿಯುತ್ತಾನೆ. ಯಾರೂ ಹೊಡೆದಿಲ್ಲ, ಯಾರೂ ಬೀಳಿಸಿಲ್ಲ, ರಕ್ತವೂ ಇಲ್ಲ. ಸಂಜೆಯೊಳಗೆ ಮಂಡಿ ಕುಂಬಳಕಾಯಿಯಂತೆ ಊದಿಕೊಳ್ಳುತ್ತದೆ.

ಮನೆಯಲ್ಲಿ ಆಗ ಎರಡು ಬಗೆಯ ಮಾತು ಕೇಳಿಬರುತ್ತವೆ. “ಎಳೇ ಮೂಳೆ ಕಣೋ, ತಾನೇ ಕೂಡ್ಕಳುತ್ತೆ, ಎಣ್ಣೆ ತಿಕ್ಕಿ ಒಂದು ಕಟ್ಟು ಹಾಕಿಸಿದರೆ ಸಾಕು” ಎಂಬುದು ಅಜ್ಜಿಯ ಮಾತು. “ಆಪರೇಷನ್ ಅಂತೆ, ಗೀಪರೇಷನ್ ಅಂತೆ, ಬೆಳೆಯುವ ಹುಡುಗನ ಕಾಲಿಗೆ ಕತ್ತಿ ಹಾಕಿಸಿದರೆ ಕಾಲು ಗಿಡ್ಡವಾಗುತ್ತದೆ, ದೊಡ್ಡವನಾದ ಮೇಲೆ ನೋಡೋಣ” ಎಂಬುದು ಮಾವನ ಮಾತು. ಎರಡೂ ಪ್ರೀತಿಯಿಂದ ಹುಟ್ಟಿದ ಮಾತುಗಳೇ. ಎರಡರಲ್ಲೂ ಕೊಂಚ ಸತ್ಯವಿದೆ. ಆದರೆ ಆ ಎರಡರಲ್ಲಿ ಯಾವುದನ್ನು ಕಣ್ಣು ಮುಚ್ಚಿ ಅನುಸರಿಸಿದರೂ ಹುಡುಗನ ಕಾಲಿಗೆ ಕೇಡಾಗಬಹುದು. ಅದು ಹೇಗೆ, ಹಾಗಾದರೆ ಮಾಡಬೇಕಾದದ್ದೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಂಡಿ ನಿಂತಿರುವ ಬಗೆ

ಭುಜದ ಕೀಲಿನಲ್ಲಿ ಒಂದು ಮೂಳೆಯ ಗುಂಡು ಇನ್ನೊಂದರ ಕುಳಿಯಲ್ಲಿ ಕುಳಿತಿರುತ್ತದೆ. ಮೊಣಕೈಯಲ್ಲಿ ಮೂಳೆಗಳು ಕೊಕ್ಕೆಯಂತೆ ಒಂದನ್ನೊಂದು ಹಿಡಿದಿರುತ್ತವೆ. ಮಂಡಿಯಲ್ಲಿ ಅಂಥ ಆಸರೆ ಇಲ್ಲ. ಮೇಲಿನಿಂದ ಇಳಿದ ತೊಡೆಮೂಳೆಯ ಎರಡು ಗುಂಡುಗಳು ಕಣಕಾಲ ಮೂಳೆಯ ಚಪ್ಪಟೆ ತಲೆಯ ಮೇಲೆ ಸುಮ್ಮನೆ ಕುಳಿತಿವೆ. ಚಪ್ಪಟೆ ಬಂಡೆಯ ಮೇಲೆ ಎರಡು ಗುಂಡುಕಲ್ಲುಗಳನ್ನು ಇಟ್ಟ ಹಾಗೆ. ಇಷ್ಟು ಸಡಿಲವಾದ ಜೋಡಣೆಯ ಮೇಲೆ ನಾವು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿ ಇಳಿಯುತ್ತೇವೆಂದರೆ, ಅದನ್ನು ಬಿಗಿದು ಹಿಡಿದಿರುವುದು ಬೇರೆ ಏನೋ ಇರಬೇಕಲ್ಲವೆ?

ಆ ಬಿಗಿತವೇ ಲಿಗಮೆಂಟುಗಳದು. ಮೂಳೆಯಿಂದ ಮೂಳೆಗೆ ಹಾದುಹೋದ ಗಟ್ಟಿ ನಾರಿನ ಪಟ್ಟಿಗಳಿವು. ನಮ್ಮ ಪಠ್ಯಪುಸ್ತಕಗಳು ಇವನ್ನು ಅಸ್ಥಿರಜ್ಜು ಎನ್ನುತ್ತವೆ. ಮಂಡಿಯಲ್ಲಿ ಇಂಥವು ಮುಖ್ಯವಾಗಿ ನಾಲ್ಕು. ಎರಡು ಮಂಡಿಯ ಅಕ್ಕಪಕ್ಕಗಳಲ್ಲಿವೆ. ಉಳಿದೆರಡು ಕೀಲಿನ ನಡುವೆಯೇ, ಕತ್ತರಿ ಹಾಕಿದಂತೆ ಒಂದನ್ನೊಂದು ಹಾದು ಹೋಗಿವೆ. ಇವುಗಳಲ್ಲಿ ಮುಂದಿನದಕ್ಕೆ ವೈದ್ಯರು ಎ.ಸಿ.ಎಲ್. ಎಂದು ಚಿಕ್ಕದಾಗಿ ಹೇಳುತ್ತಾರೆ. ಕಣಕಾಲ ಮೂಳೆ ತೊಡೆಮೂಳೆಯ ಕೆಳಗಿನಿಂದ ಮುಂದಕ್ಕೆ ಜಾರದಂತೆ, ತಿರುವಿನಲ್ಲಿ ಮಂಡಿ ಹೊರಳದಂತೆ ತಡೆಯುವುದು ಇದರ ಕೆಲಸ. ಕಬಡ್ಡಿಯಲ್ಲಿ ತಟಕ್ಕನೆ ತಿರುಗಿದಾಗ, ಖೋ ಖೋ ಕಂಬ ಹಿಡಿದು ಸುತ್ತಿದಾಗ, ವಾಲಿಬಾಲಿನಲ್ಲಿ ಮೇಲೆ ಹಾರಿ ಒಂದೇ ಕಾಲಿನ ಮೇಲೆ ಇಳಿದಾಗ ಎಲ್ಲ ಎಳೆತವೂ ಇದರ ಮೇಲೆ ಬೀಳುತ್ತದೆ. ಎಳೆತ ಮಿತಿಮೀರಿದರೆ ಇದು ಹರಿಯುತ್ತದೆ.

ಮಂಡಿಯಲ್ಲಿ ಇನ್ನೊಂದು ವಸ್ತುವಿದೆ, ಅದನ್ನು ಮರೆಯಬಾರದು. ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತನೆಯ ಬಿಲ್ಲೆಗಳು ಕುಳಿತಿವೆ. ಇವುಗಳ ಹೆಸರು ಮೆನಿಸ್ಕಸ್. ಮೂಳೆ ಮೂಳೆಯನ್ನು ತೇಯದಂತೆ, ಭಾರ ಒಂದೇ ಕಡೆ ಬೀಳದಂತೆ ಇವು ಕಾಯುತ್ತವೆ. ಎ.ಸಿ.ಎಲ್. ಹರಿದು ಮಂಡಿ ಸಡಿಲವಾದಾಗ, ಪ್ರತಿಸಲ ಅದು ಹೊರಳಿದಾಗಲೂ ಪೆಟ್ಟು ತಿನ್ನುವುದು ಈ ಬಿಲ್ಲೆಗಳೇ. ಇದರ ವಿಚಾರ ಮುಂದೆ ಮತ್ತೆ ಬರುತ್ತದೆ.

ಮೂಳೆ ಬೆಳೆಯುವುದೆಲ್ಲಿ?

ಈಗ ಮಾವನ ಭಯವನ್ನು ವಿಚಾರಿಸೋಣ. ಕಾಲು ಗಿಡ್ಡವಾಗುತ್ತದೆ ಎಂಬ ಮಾತು ಎಲ್ಲಿಂದ ಬಂತು? ಅದನ್ನು ತಿಳಿಯಬೇಕಾದರೆ ಮೂಳೆ ಉದ್ದವಾಗುವುದು ಹೇಗೆಂದು ತಿಳಿಯಬೇಕು.

ಇಂಗ್ಲೆಂಡಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯೊಬ್ಬನಿದ್ದ. ಗಿಡಮರಗಳ ಬೆಳವಣಿಗೆಯನ್ನು ಅಳೆಯುವುದು ಅವನ ಹವ್ಯಾಸ. 1727ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅವನು ಒಂದು ಸಣ್ಣ ಪರೀಕ್ಷೆಯನ್ನು ವರ್ಣಿಸಿದ್ದಾನೆ. ಎರಡು ಅಂಗುಲ ಉದ್ದದ ಕಾಲುಮೂಳೆಯಿದ್ದ ಕೋಳಿಮರಿಯೊಂದನ್ನು ಹಿಡಿದು, ಆ ಮೂಳೆಯ ನಡುವೆ ಅರ್ಧ ಅಂಗುಲ ಅಂತರದಲ್ಲಿ ಎರಡು ಸಣ್ಣ ತೂತುಗಳನ್ನು ಚುಚ್ಚಿದ. ಎರಡು ತಿಂಗಳ ಬಳಿಕ ನೋಡಿದರೆ ಮೂಳೆ ಒಂದು ಅಂಗುಲ ಬೆಳೆದಿತ್ತು; ಆದರೆ ತೂತುಗಳ ನಡುವಣ ಅಂತರ ಅರ್ಧ ಅಂಗುಲವೇ ಉಳಿದಿತ್ತು! ಎಂದರೆ ಮೂಳೆ ರಬ್ಬರಿನಂತೆ ನಡುವೆ ಹಿಗ್ಗುವುದಿಲ್ಲ. ಅದು ತುದಿಗಳಲ್ಲಿ ಬೆಳೆಯುತ್ತದೆ.

ಇಂದು ನಮಗೆ ಆ ತುದಿಗಳ ಗುಟ್ಟು ಚೆನ್ನಾಗಿ ಗೊತ್ತು. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳುವಾದ ಒಂದು ಪದರವಿರುತ್ತದೆ. ಇದೇ ಬೆಳವಣಿಗೆಯ ತಟ್ಟೆ. ಇದರಲ್ಲಿ ಹೊಸ ಕೋಶಗಳು ಸಾಲುಸಾಲಾಗಿ ಹುಟ್ಟಿ, ಊದಿ, ಸುಣ್ಣ ಕೂಡಿಸಿಕೊಂಡು ಮೂಳೆಯಾಗುತ್ತವೆ. ಗೋಡೆಯ ಮೇಲೆ ಗಾರೆಯವನು ಸಾಲಿನ ಮೇಲೆ ಸಾಲು ಇಟ್ಟಿಗೆ ಇಟ್ಟಂತೆ ಕೆಲಸ ನಡೆಯುತ್ತದೆ. ಬೆಳವಣಿಗೆ ಮುಗಿದ ದಿನ ಗಾರೆಯವನು ಹೊರಟುಹೋಗುತ್ತಾನೆ. ತಟ್ಟೆ ತಾನೇ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಚಿಕ್ಕ ಮಕ್ಕಳ ಮೂಳೆಯ ತುದಿಯಲ್ಲಿ ಕಾಣುವ ಕಪ್ಪು ಗೆರೆ ಇದೇ ತಟ್ಟೆ. ಅದನ್ನು ಮುರಿತವೆಂದು ತಿಳಿದು ಗಾಬರಿಯಾದ ತಂದೆತಾಯಂದಿರೂ ಉಂಟು.

ಕಾಲಿನ ಬೆಳವಣಿಗೆಯ ಬಹುಭಾಗ ನಡೆಯುವುದು ಮಂಡಿಯ ಸುತ್ತಲೇ. ತೊಡೆಮೂಳೆಯ ಕೆಳತುದಿಯ ತಟ್ಟೆ ವರ್ಷಕ್ಕೆ ಸುಮಾರು 9 ಮಿಲಿಮೀಟರ್, ಕಣಕಾಲ ಮೂಳೆಯ ಮೇಲ್ತುದಿಯ ತಟ್ಟೆ ಸುಮಾರು 6 ಮಿಲಿಮೀಟರ್ ಬೆಳೆಸುತ್ತವೆ. ಇಡೀ ಕಾಲಿನ ಬೆಳವಣಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಈ ಎರಡು ತಟ್ಟೆಗಳದೇ. ಸಾಮಾನ್ಯವಾಗಿ ಹುಡುಗಿಯರಲ್ಲಿ 14ನೆಯ ವಯಸ್ಸಿನ ಸುಮಾರಿಗೆ, ಹುಡುಗರಲ್ಲಿ 16ರ ಸುಮಾರಿಗೆ ಈ ಕೆಲಸ ಮುಗಿಯುತ್ತದೆ. ನೀವೇ ಲೆಕ್ಕ ಹಾಕಿ: ನಮ್ಮ ಹದಿಮೂರರ ಹುಡುಗನಿಗೆ ಇನ್ನು ಮೂರು ವರ್ಷದ ಬೆಳವಣಿಗೆ ಉಳಿದಿದ್ದರೆ, ಅವನ ಮಂಡಿಯ ಮೇಲೂ ಕೆಳಗೂ ಸೇರಿ ಇನ್ನೂ ನಾಲ್ಕೂವರೆ ಸೆಂಟಿಮೀಟರ್ ಕಾಲು ಹುಟ್ಟಬೇಕಾಗಿದೆ.

ಶಸ್ತ್ರಚಿಕಿತ್ಸೆಯ ತೊಡಕು

ಹರಿದ ಎ.ಸಿ.ಎಲ್. ಮುರಿದ ಮೂಳೆಯ ಹಾಗಲ್ಲ. ಅದು ಕೀಲಿನೊಳಗಣ ದ್ರವದಲ್ಲಿ ನೆನೆದಿರುತ್ತದೆ. ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಆದ್ದರಿಂದ ಪೂರ್ತಿ ಹರಿದದ್ದು ಸಾಮಾನ್ಯವಾಗಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಆ ಬಿಗಿತ ಒಳಗಿನ ನಾರಿಗೆ ಮುಟ್ಟದು. ನಮ್ಮ ಕಡೆಯ ಜನ ಮೂಳೆ ಮುರಿದಾಗ ಪುತ್ತೂರು ಕಟ್ಟನ್ನು ನೆನೆಯುತ್ತಾರೆ. ಮೂಳೆಯ ಮಾತು ಏನೇ ಇರಲಿ, ಇದು ಮೂಳೆಯ ಮುರಿತವಲ್ಲ ಎಂಬುದನ್ನು ನೆನಪಿಡಬೇಕು.

ಆದ್ದರಿಂದ ವೈದ್ಯರು ಹಳೆಯದನ್ನು ಹೊಲಿಯುವುದಕ್ಕಿಂತ ಹೊಸದೊಂದನ್ನು ಕೂಡಿಸುವುದೇ ಹೆಚ್ಚು. ರೋಗಿಯ ದೇಹದಿಂದಲೇ, ಬಹುಮಟ್ಟಿಗೆ ತೊಡೆಯ ಹಿಂಬದಿಯಿಂದ, ಒಂದು ಸ್ನಾಯುರಜ್ಜುವನ್ನು ತೆಗೆಯುತ್ತಾರೆ. ಕಣಕಾಲ ಮೂಳೆಯಲ್ಲೊಂದು, ತೊಡೆಮೂಳೆಯಲ್ಲೊಂದು ಸುರಂಗ ಕೊರೆದು, ಆ ಹುರಿಯನ್ನು ಅದರೊಳಗೆ ಹಾಯಿಸಿ ಎರಡು ಕಡೆಯೂ ಬಿಗಿಯುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹೇ ಗ್ರೋವ್ಸ್ ಎಂಬ ಶಸ್ತ್ರವೈದ್ಯ ಮೂಳೆಯಲ್ಲಿ ಸುರಂಗ ಕೊರೆದು ಹೊಸ ಕಟ್ಟನ್ನು ಹಾಯಿಸುವ ಈ ವಿಧಾನವನ್ನು 1917ರಲ್ಲಿಯೇ ಪ್ರಕಟಿಸಿದ್ದ. ಮರುವರ್ಷ ಟೋಕಿಯೋದ ಕೆಂಜಿ ಟಕಾಗಿ ಮಂಡಿಯೊಳಗೆ ಸಣ್ಣ ದರ್ಶಕವೊಂದನ್ನು ತೂರಿಸಿ ಒಳಗನ್ನು ಕಂಡ. ಇವೆರಡೂ ಕೂಡಿ ಬೆಳೆದದ್ದರಿಂದಲೇ ಇಂದು ಮಂಡಿಯನ್ನು ಅಗಲವಾಗಿ ಸೀಳದೆ, ಸಣ್ಣ ಸಣ್ಣ ತೂತುಗಳಿಂದ ಈ ಕೆಲಸ ಸಾಗುತ್ತದೆ.

ದೊಡ್ಡವರಿಗೆ ಇದು ಸರಿ. ಮಕ್ಕಳಲ್ಲಿ ತೊಡಕು ಎಲ್ಲಿದೆ ಎಂಬುದು ಈಗಾಗಲೇ ನಿಮಗೆ ಹೊಳೆದಿರಬೇಕು. ಸುರಂಗ ಹೋಗುವ ದಾರಿಯಲ್ಲಿಯೇ ಬೆಳವಣಿಗೆಯ ತಟ್ಟೆ ಅಡ್ಡಲಾಗಿ ಕುಳಿತಿದೆ! ಕೊರೆದ ಜಾಗದಲ್ಲಿ ತಟ್ಟೆಯ ಮೇಲಣ ಮೂಳೆಗೂ ಕೆಳಗಣ ಮೂಳೆಗೂ ನಡುವೆ ಗಟ್ಟಿ ಸೇತುವೆ ಬೆಳೆದುಬಿಟ್ಟರೆ, ಅಲ್ಲಿ ಬೆಳವಣಿಗೆ ನಿಲ್ಲುತ್ತದೆ. ತಟ್ಟೆ ಪೂರ್ತಿ ನಿಂತರೆ ಕಾಲು ಗಿಡ್ಡವಾಗುತ್ತದೆ. ಒಂದು ಪಕ್ಕ ಮಾತ್ರ ನಿಂತು ಇನ್ನೊಂದು ಪಕ್ಕ ಬೆಳೆಯುತ್ತಾ ಹೋದರೆ ಕಾಲು ಸೊಟ್ಟಗಾಗುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ನಿಂತು ಇನ್ನೊಂದು ನಡೆದರೆ ಗಾಡಿ ಪಕ್ಕಕ್ಕೆ ತಿರುಗುವುದಿಲ್ಲವೆ? ಹಾಗೆ. ಆದ್ದರಿಂದ ಮಾವನ ಭಯ ಬರಿಯ ಕಂತೆಯಲ್ಲ. ಈ ಭಯದಿಂದಲೇ ಎಷ್ಟೋ ವರ್ಷಗಳ ಕಾಲ ವೈದ್ಯರೂ ಹಾಗೆಯೇ ಹೇಳುತ್ತಿದ್ದರು: ಮಗು ಬೆಳೆದು ಮುಗಿಯಲಿ, ಅಲ್ಲಿಯತನಕ ಮಂಡಿಗೆ ಪಟ್ಟಿ ಹಾಕಿ ಕಾಯೋಣ.

ಆದರೆ ಕಾಯುವುದಕ್ಕೂ ಬೆಲೆಯುಂಟು. ಹದಿಮೂರು ವರ್ಷದ ಹುಡುಗನನ್ನು ಮೂರು ವರ್ಷ ಓಡಬೇಡ, ಹಾರಬೇಡ ಎಂದು ಕೂರಿಸುವುದು ಸಾಧ್ಯವೆ? ನೋವು ಇಳಿದ ಕೂಡಲೆ ಅವನು ಬಯಲಿಗೆ ಓಡುತ್ತಾನೆ. ಸಡಿಲವಾದ ಮಂಡಿ ಹೊರಳುತ್ತದೆ. ಒಮ್ಮೆ ಹೊರಳಿದಾಗ ಬಿಲ್ಲೆ ಬಿರಿಯುತ್ತದೆ, ಮತ್ತೊಮ್ಮೆ ಹೊರಳಿದಾಗ ಹರಿಯುತ್ತದೆ. ಮಂಡಿ ಸಡಿಲವಾಗಿಯೇ ಉಳಿದ ಮಕ್ಕಳಲ್ಲಿ ದಿನ ಕಳೆದಷ್ಟೂ ಬಿಲ್ಲೆಗಳ ಹಾನಿ ಹೆಚ್ಚುವುದನ್ನು ವೈದ್ಯರು ದೇಶದೇಶಗಳಲ್ಲಿ ಕಂಡುಕೊಂಡರು. ಲಿಗಮೆಂಟನ್ನು ಹೊಸದಾಗಿ ಕೂಡಿಸಬಹುದು. ಸವೆದುಹೋದ ಬಿಲ್ಲೆಯನ್ನೂ ಮೃದ್ವಸ್ಥಿಯನ್ನೂ ಮೊದಲಿನಂತೆ ಮಾಡಿಕೊಡುವ ವಿದ್ಯೆ ಇನ್ನೂ ಬಂದಿಲ್ಲ. ಅಂಥ ಮಂಡಿಗೆ ಮೂವತ್ತು ನಲವತ್ತರಲ್ಲಿಯೇ ಮುದುಕರ ಸಂಧಿವಾತ ಬರಬಹುದು.

ನಡುದಾರಿ

ಹೀಗೆ ಒಂದು ಕಡೆ ತಟ್ಟೆಯ ಭಯ, ಇನ್ನೊಂದು ಕಡೆ ಬಿಲ್ಲೆಯ ಭಯ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹಲವು ದೇಶಗಳ ತಜ್ಞರನ್ನು ಕೂಡಿಸಿ 2018ರಲ್ಲಿ ಮಕ್ಕಳ ಎ.ಸಿ.ಎಲ್. ಗಾಯಗಳ ವಿಷಯವಾಗಿ ಒಮ್ಮತದ ಹೇಳಿಕೆಯೊಂದನ್ನು ಪ್ರಕಟಿಸಿತು. ಅದರ ಸಾರವನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಪ್ರತಿ ಮಗುವಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ, ಬೇಕಾದ ಮಗುವಿಗೆ ಬೆಳವಣಿಗೆ ಮುಗಿಯಲಿ ಎಂದು ಕಾಯಬೇಕೆಂದೂ ಇಲ್ಲ. ಬಿಲ್ಲೆ ಗಟ್ಟಿಯಾಗಿದ್ದು, ವ್ಯಾಯಾಮದಿಂದ ಮಂಡಿ ಸ್ಥಿರವಾಗಿ ನಿಲ್ಲುವುದಾದರೆ, ವ್ಯಾಯಾಮವೇ ಚಿಕಿತ್ಸೆ. ಹೊಲಿದು ಉಳಿಸಬೇಕಾದ ಬಿಲ್ಲೆಯ ಹರಿವು ಇದ್ದರೆ, ಚೆನ್ನಾಗಿ ವ್ಯಾಯಾಮ ಮಾಡಿಸಿದ ಮೇಲೂ ಮಂಡಿ ಮತ್ತೆ ಮತ್ತೆ ಹೊರಳುತ್ತಿದ್ದರೆ, ಆಗ ಶಸ್ತ್ರಚಿಕಿತ್ಸೆ. ಆದರೆ ಬೆಳವಣಿಗೆಯ ತಟ್ಟೆಯನ್ನು ಗೌರವಿಸುವಂಥ ಶಸ್ತ್ರಚಿಕಿತ್ಸೆ.

ಅಂಥ ವಿಧಾನಗಳು ಮುಖ್ಯವಾಗಿ ಮೂರು. ಬೆಳವಣಿಗೆ ಬಹಳ ಉಳಿದಿರುವ ಚಿಕ್ಕ ಮಕ್ಕಳಲ್ಲಿ ಸುರಂಗವನ್ನೇ ಕೊರೆಯದೆ, ತೊಡೆಯ ಹೊರಬದಿಯ ಪಟ್ಟಿಯೊಂದನ್ನು ತೊಡೆಮೂಳೆಯ ಹಿಂದಿನಿಂದ ಬಳಸಿ ತಂದು ಮಂಡಿಯೊಳಗೆ ಹಾಯಿಸುವುದು ಒಂದು. ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯರು ಇದನ್ನು ಬಳಕೆಗೆ ತಂದರು. ಸುರಂಗವನ್ನು ತಟ್ಟೆಗೆ ಮುಟ್ಟಿಸದೆ, ಮೂಳೆಯ ತುದಿಯ ಭಾಗದಲ್ಲಿಯೇ ಕೊರೆಯುವುದು ಎರಡನೆಯದು. ಇಲ್ಲಿ ಕೈತಪ್ಪಿಗೆ ಎಡೆಯೇ ಇಲ್ಲ. ಬೆಳವಣಿಗೆ ಸ್ವಲ್ಪವೇ ಉಳಿದಿರುವ ಮಕ್ಕಳಲ್ಲಿ ತಟ್ಟೆಯನ್ನು ಹಾದೇ ಹೋಗುವುದು ಮೂರನೆಯದು. ಆದರೆ ಅಲ್ಲಿಯೂ ಕೆಲವು ಕಟ್ಟಳೆಗಳುಂಟು. ಸುರಂಗ ಚಿಕ್ಕದಾಗಿರಬೇಕು, ಓರೆಯಾಗಿ ಕೊರೆದು ತಟ್ಟೆಯನ್ನು ಸೀಳದೆ ಆದಷ್ಟು ನೆಟ್ಟಗೆ, ನಡುವೆ ಹೋಗಬೇಕು, ಅದನ್ನು ಮೆತ್ತನೆಯ ಸ್ನಾಯುರಜ್ಜುವಿನಿಂದಲೇ ತುಂಬಬೇಕು. ತಟ್ಟೆಯ ಜಾಗದಲ್ಲಿ ತಿರುಪನ್ನಾಗಲಿ ಮೂಳೆಯ ತುಂಡನ್ನಾಗಲಿ ಕೂರಿಸಬಾರದು. ಮೆತ್ತನೆಯ ಹುರಿ ಸುರಂಗವನ್ನು ತುಂಬಿದ್ದರೆ ಮೂಳೆಯ ಸೇತುವೆ ಬೆಳೆಯುವ ಸಂಭವ ಕಡಿಮೆ ಎಂಬುದೇ ಇದರ ತತ್ತ್ವ.

ವಯಸ್ಸು ಎರಡು ಬಗೆ

ಯಾವ ಮಗುವಿಗೆ ಯಾವ ವಿಧಾನ ಎಂಬುದನ್ನು ನಿರ್ಧರಿಸಲು ಶಾಲೆಯ ದಾಖಲೆಯಲ್ಲಿರುವ ವಯಸ್ಸು ಸಾಲದು. ಹದಿಮೂರು ತುಂಬಿದ ಇಬ್ಬರು ಹುಡುಗರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿ ದನಿ ಒಡೆದಿರುತ್ತದೆ. ಇನ್ನೊಬ್ಬ ಹತ್ತರ ಹುಡುಗನಂತೆ ಕಾಣುತ್ತಾನೆ. ಮೂಳೆಗೆ ಅದರದೇ ವಯಸ್ಸು ಉಂಟು. ಅದನ್ನು ಓದಲು ವೈದ್ಯರು ಎಡಗೈಯ ಎಕ್ಸ್‌ರೇ ತೆಗೆಸುತ್ತಾರೆ. ಮಂಡಿಗೆ ಪೆಟ್ಟಾದರೆ ಕೈಗೇಕೆ ಎಕ್ಸ್‌ರೇ ಎಂದು ಆಶ್ಚರ್ಯಪಡಬೇಡಿ. ಕೈಯಲ್ಲಿಯೂ ಮಣಿಕಟ್ಟಿನಲ್ಲಿಯೂ ಸಣ್ಣ ಸಣ್ಣ ಮೂಳೆಗಳು ಹಲವಿರುವುದರಿಂದ, ಬೆಳವಣಿಗೆಯ ಹಂತ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗ್ರೂಲಿಕ್ ಮತ್ತು ಪೈಲ್ ಎಂಬ ಇಬ್ಬರು ಅಮೆರಿಕನ್ನರು 1950ರಲ್ಲಿ ಪ್ರಕಟಿಸಿದ ಚಿತ್ರಸಂಪುಟದೊಡನೆ ಹೋಲಿಸಿ ಮೂಳೆಯ ವಯಸ್ಸನ್ನು ಹೇಳುವ ಪದ್ಧತಿ ಈಗಲೂ ಬಳಕೆಯಲ್ಲಿದೆ. ಜೊತೆಗೆ ತಂದೆತಾಯಿಯ ಎತ್ತರ, ಕಳೆದ ವರ್ಷ ಮಗು ಎಷ್ಟು ಬೆಳೆಯಿತು, ಹುಡುಗಿಯಾದರೆ ಮೈನೆರೆದಿದ್ದಾಳೆಯೇ ಎಂಬುದನ್ನೂ ವೈದ್ಯರು ಕೇಳುತ್ತಾರೆ. ಸಂಕೋಚವಿಲ್ಲದೆ ಹೇಳಬೇಕು, ಚಿಕಿತ್ಸೆಯ ದಾರಿ ಅದರ ಮೇಲೆಯೇ ನಿಂತಿದೆ.

ಪಾವಗಡದ ಕಡೆಯ ವಾಚಕರು ಇನ್ನೊಂದು ವಿಚಾರವನ್ನು ಗಮನಿಸಬೇಕು. ಆ ಸೀಮೆಯಲ್ಲಿಯೂ ಅದರ ಸುತ್ತಲೂ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂ ಕೊನೆಯ ಮಿತಿ. ಅದಕ್ಕೂ ಮೀರಿದ ನೀರನ್ನು ಹುಟ್ಟಿದಂದಿನಿಂದ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಬೀಳುತ್ತವೆ; ಕೆಲವರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ಇಂಥ ಬಾಗಿದ ಮಂಡಿಗಳನ್ನು ಕುರಿತು 1973ರಲ್ಲಿಯೇ ಬರೆದಿದ್ದಾರೆ. ಆದ್ದರಿಂದ ನಿಮ್ಮ ಮಗುವಿನ ಕಾಲು ಮೊದಲೇ ಬಾಗಿದ್ದರೆ, ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಿ. ಸೊಂಟದಿಂದ ಪಾದದವರೆಗೆ ಇಡೀ ಕಾಲಿನ ಎಕ್ಸ್‌ರೇ ತೆಗೆಸುವುದು ಒಳ್ಳೆಯದು. ಮೊದಲಿನ ಡೊಂಕು ಯಾವುದು, ಶಸ್ತ್ರಚಿಕಿತ್ಸೆಯ ಬಳಿಕದ್ದು ಯಾವುದು ಎಂದು ತಿಳಿಯಲು ಅದೊಂದೇ ಸಾಕ್ಷಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರನ್ನೇ ಕುಡಿಸಿ. ಸುಣ್ಣದ ಅಂಶ ತುಂಬಿದ ನಮ್ಮ ರಾಗಿಮುದ್ದೆಯನ್ನು ಮಕ್ಕಳ ತಟ್ಟೆಯಿಂದ ದೂರ ಮಾಡಬೇಡಿ.

ಪೆಟ್ಟಾದ ದಿನ

ಈಗ ಮತ್ತೆ ಬಯಲಿಗೆ ಬರೋಣ. ಹುಡುಗ ಕುಸಿದಿದ್ದಾನೆ. ಮೊದಲ ಕೆಲಸ, ಆಟ ನಿಲ್ಲಿಸುವುದು. ‘ಇನ್ನೊಂದು ಸುತ್ತು ಆಡಿಬಿಡು’ ಎಂಬ ಮಾತು ವ್ಯಾಯಾಮ ಶಿಕ್ಷಕರ ಬಾಯಿಂದಾಗಲಿ ಗೆಳೆಯರ ಬಾಯಿಂದಾಗಲಿ ಬರಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ. ಮಂಜುಗಡ್ಡೆ ಸಿಕ್ಕದಿದ್ದರೆ ತಣ್ಣೀರಿನ ಬಟ್ಟೆಯಾದರೂ ಸರಿ. ಕಾಲನ್ನು ದಿಂಬಿನ ಮೇಲೆ ಎತ್ತಿ ಇರಿಸಿ. ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ. ಎಣ್ಣೆ ತಿಕ್ಕುವುದು, ನೀವುವುದು, ಎಳೆದು ‘ಕೂರಿಸುವುದು’ ಸಲ್ಲದು. ಏಕೆಂದರೆ ಮಕ್ಕಳಲ್ಲಿ ಎಷ್ಟೋ ಸಲ ಲಿಗಮೆಂಟಿಗಿಂತ ಮೂಳೆಯೇ ಮೆತ್ತಗಿರುತ್ತದೆ. ಲಿಗಮೆಂಟು ಹರಿಯದೆ, ತಾನು ಅಂಟಿದ ಮೂಳೆಯ ಚೂರನ್ನು ಕಿತ್ತುಕೊಂಡು ಬಂದಿರಬಹುದು. ಬೆಳವಣಿಗೆಯ ತಟ್ಟೆಯೇ ಮುರಿದಿರಬಹುದು. ಇವನ್ನು ಬೇಗ ಕಂಡರೆ ಮೊದಲಿನ ಜಾಗಕ್ಕೆ ಕೂರಿಸಿ ಉಳಿಸಬಹುದು. ತಿಕ್ಕಿ ನೀವಿ ತಿಂಗಳು ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

ಕೆಲವು ಗಂಟೆಗಳಲ್ಲಿಯೇ ಮಂಡಿ ಊದಿದರೆ ಒಳಗೆ ರಕ್ತ ಸುರಿದಿದೆ ಎಂದೇ ತಿಳಿಯಬೇಕು. ಅಂದೇ ಅಥವಾ ಮರುದಿನವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿ. ಪಾದ ತಣ್ಣಗಾದರೆ, ಮರಗಟ್ಟಿದರೆ, ಕಾಲು ಡೊಂಕಾಗಿ ಕಂಡರೆ ಒಂದು ಗಳಿಗೆಯೂ ತಡಮಾಡಬಾರದು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ ಎಂದು ಕಂಡರೆ ‘ಏನೂ ಆಗಿಲ್ಲ’ ಎಂದು ಮನೆಗೆ ಮರಳಿಬಿಡಬೇಡಿ. ಲಿಗಮೆಂಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಊತ ಇಳಿದ ಮೇಲೆ ಮೂಳೆವೈದ್ಯರು ಕೈಯಿಂದ ಮಂಡಿಯನ್ನು ಪರೀಕ್ಷಿಸಬೇಕು, ಅಗತ್ಯವಿದ್ದರೆ ಎಂ.ಆರ್.ಐ. ತೆಗೆಸಬೇಕು. ಅದಕ್ಕೆ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಬಡ ಕುಟುಂಬದವರು ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಏನು ದೊರೆಯುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಬೇಕು.

ಶಸ್ತ್ರವೈದ್ಯರ ಎದುರು ಕುಳಿತಾಗ ಅಂಜಬೇಡಿ. ಈ ಪ್ರಶ್ನೆಗಳನ್ನು ಕೇಳಿ: ಮಗುವಿನ ಬೆಳವಣಿಗೆಯ ತಟ್ಟೆ ಇನ್ನೂ ತೆರೆದಿದೆಯೆ? ಮೂಳೆಯ ವಯಸ್ಸು ಎಷ್ಟು? ಬಿಲ್ಲೆಗೆ ಪೆಟ್ಟಾಗಿದೆಯೆ? ಮೊದಲು ಕೆಲವು ತಿಂಗಳು ವ್ಯಾಯಾಮ ಮಾಡಿಸಿ ನೋಡಬಹುದೆ? ಶಸ್ತ್ರಚಿಕಿತ್ಸೆ ಮಾಡುವುದಾದರೆ ತಟ್ಟೆಯನ್ನು ಹೇಗೆ ಕಾಪಾಡುವಿರಿ? ಮಕ್ಕಳಿಗೆ ಈ ಚಿಕಿತ್ಸೆ ಮಾಡಿ ಅನುಭವವಿದೆಯೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತಾರೆ.

ಆಮೇಲಿನ ವರ್ಷ

ಶಸ್ತ್ರಚಿಕಿತ್ಸೆ ಮುಗಿದರೆ ಕೆಲಸದ ಅರ್ಧ ಮುಗಿಯಿತು, ಅಷ್ಟೆ. ಹೊಸ ಹುರಿ ಮೂಳೆಗೆ ಬೇರೂರಿ, ಲಿಗಮೆಂಟಿನ ಗುಣ ಪಡೆಯಲು ತಿಂಗಳುಗಳು ಬೇಕು. ದೊಡ್ಡವರೂ ಒಂಬತ್ತು ತಿಂಗಳ ಮೊದಲು ತಿರುವು ಜಿಗಿತದ ಆಟಗಳಿಗೆ ಮರಳಬಾರದು. ಮಕ್ಕಳಿಗೆ ಒಂದು ವರ್ಷ ಕೊಡುವುದೇ ಕ್ಷೇಮ. ಜಿಮ್ನಾಸ್ಟಿಕ್ಸಿನ ದೀಪಾ ಕರ್ಮಾಕರ್ 2017ರಲ್ಲಿ ಎ.ಸಿ.ಎಲ್. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮರುವರ್ಷ ಜುಲೈನಲ್ಲಿ ತುರ್ಕಿಯಲ್ಲಿ ಚಿನ್ನದ ಪದಕ ಗೆದ್ದರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮಂಡಿ ಹೊರಳಿ ಸ್ಟ್ರೆಚರಿನ ಮೇಲೆ ಹೊರಹೋದ ಕುಸ್ತಿಪಟು ವಿನೇಶ್ ಫೋಗಟ್, 2018ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ತಂದರು. ಈ ಗೆಲುವುಗಳ ಹಿಂದೆ ತಿಂಗಳುಗಟ್ಟಲೆ ಪ್ರತಿದಿನದ ವ್ಯಾಯಾಮವಿದ್ದಿತು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಆತುರದಿಂದ ಮರಳುವ ಎಳೆಯರ ಕಥೆ ಬೇರೆ. ಶಸ್ತ್ರಚಿಕಿತ್ಸೆಯ ಬಳಿಕ ಆಟಕ್ಕೆ ಮರಳಿದ ಇಪ್ಪತ್ತೈದು ವರ್ಷದೊಳಗಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಮಂಡಿಗೋ ಇನ್ನೊಂದು ಮಂಡಿಗೋ ಮತ್ತೆ ಪೆಟ್ಟಾಗುತ್ತದೆ. ಮುಂದಿನ ವರ್ಷದ ತಾಲ್ಲೂಕು ಪಂದ್ಯ ತಪ್ಪಿದರೆ ಅದರ ಮರುವರ್ಷ ಇನ್ನೊಂದು ಪಂದ್ಯ ಬರುತ್ತದೆ. ಮಂಡಿ ಹಾಗಲ್ಲ.

ಬೆಳವಣಿಗೆ ಮುಗಿಯುವತನಕ ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸುವುದನ್ನು ಮರೆಯಬೇಡಿ. ಒಂದು ಕಾಲಿಗೂ ಇನ್ನೊಂದಕ್ಕೂ ಉದ್ದದಲ್ಲಿ ವ್ಯತ್ಯಾಸ ಬರುತ್ತಿದೆಯೆ, ಡೊಂಕು ತೋರುತ್ತಿದೆಯೆ ಎಂದು ಅವರು ಅಳೆಯುತ್ತಾರೆ. ಮೊದಲಲ್ಲೇ ಕಂಡರೆ ತಿದ್ದುವ ದಾರಿಗಳಿವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಇಲ್ಲಿ ಇನ್ನೊಂದು ಬಗೆಯಲ್ಲಿಯೂ ಓದಬಹುದು: ನೆಟ್ಟಗೆ ಮಾಡಬೇಕಾದರೂ ಗಿಡವಾಗಿರುವಾಗಲೇ ಸುಲಭ.

ಹರಿಯದಂತೆ ಕಾಯುವುದು

ಇಷ್ಟೆಲ್ಲ ಕಷ್ಟಕ್ಕೆ ಮುಂಚೆ ಒಂದು ಸುಲಭದ ಉಪಾಯವಿದೆ. ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಕ್ರಮವಾಗಿ ಮೈ ಸಡಿಲಿಸುವುದು: ನಿಧಾನದ ಓಟ, ಒಂದೇ ಕಾಲಿನ ಮೇಲೆ ನಿಲ್ಲುವುದು, ಬಸ್ಕಿ, ಹೊಟ್ಟೆಯ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳಿಗೆ ಕಸರತ್ತು, ಹಾರಿ ಇಳಿಯುವಾಗ ಮಂಡಿಯನ್ನು ಮಡಿಸಿ ಮೆತ್ತಗೆ, ಎರಡೂ ಕಾಲಿನ ಮೇಲೆ ಇಳಿಯುವ ಅಭ್ಯಾಸ, ತಿರುಗುವಾಗ ಪಾದವನ್ನೂ ಜೊತೆಗೆ ತಿರುಗಿಸುವ ಅಭ್ಯಾಸ. ಮಂಡಿ ಒಳಕ್ಕೆ ಕುಸಿಯದಂತೆ ಬೆರಳುಗಳ ನೇರಕ್ಕೆ ಇರಬೇಕು. ಕಾಲ್ಚೆಂಡಿನ ಅಂತರರಾಷ್ಟ್ರೀಯ ಸಂಸ್ಥೆ ಫಿಫಾ ಇಂಥ ಕಸರತ್ತುಗಳನ್ನು ಒಂದು ಕ್ರಮವಾಗಿ ಜೋಡಿಸಿಕೊಟ್ಟಿದೆ. ವಾರಕ್ಕೆ ಎರಡು ಮೂರು ಸಲ ಬಿಡದೆ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ. ಇದಕ್ಕೆ ಖರ್ಚಿಲ್ಲ, ಬೇಕಾದದ್ದು ಮೇಷ್ಟರ ಮನಸ್ಸು. ಹುಡುಗಿಯರಿಗೆ ಇದು ಇನ್ನೂ ಅಗತ್ಯ. ಏಕೆಂದರೆ ಒಂದೇ ಆಟ ಆಡುವ ಹುಡುಗರಿಗಿಂತ ಅವರಲ್ಲಿ ಎ.ಸಿ.ಎಲ್. ಹರಿಯುವುದು ಹೆಚ್ಚು. ಬಿಸಿಲಿಗೆ ಕಲ್ಲಾದ ಬಯಲನ್ನು ಪಂದ್ಯಕ್ಕೆ ಮೊದಲು ಅಗೆದು, ಹರಳು ಆರಿಸಿ, ನೀರು ಚಿಮುಕಿಸುವುದು ಊರಿನವರ ಕೆಲಸ.

ಅಜ್ಜಿಯ ಮಾತಿಗೂ ಮಾವನ ಮಾತಿಗೂ ಈಗ ಉತ್ತರ ದೊರಕಿತಲ್ಲವೆ? ಎಳೆಯ ಮೂಳೆ ಬ್ಯಾಗ ಕೂಡುತ್ತದೆ, ನಿಜ; ಆದರೆ ಹರಿದದ್ದು ಮೂಳೆಯಲ್ಲ. ಬೆಳೆಯುವ ಮೂಳೆಗೆ ಕೊರೆದರೆ ಅಪಾಯವುಂಟು, ನಿಜ. ಆದರೆ ಅದನ್ನು ಬಲ್ಲ ಕೈ ಆ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಲ್ಲುದು, ಮತ್ತು ಸುಮ್ಮನೆ ಕಾಯುವುದರಲ್ಲಿಯೂ ಅಪಾಯವುಂಟು. ನಿಮ್ಮ ಮನೆಯ ಮಗು ಈ ಶ್ರಾವಣದಲ್ಲಿ ಬಯಲಿಗಿಳಿಯಲಿ, ಧಾರಾಳವಾಗಿ ಆಡಲಿ. ಮಂಡಿ ಊದಿ ಮನೆಗೆ ಬಂದ ಸಂಜೆ ಮಾತ್ರ ಎಣ್ಣೆಯ ಗಿಂಡಿಯನ್ನು ಕೈಗೆತ್ತಿಕೊಳ್ಳುವ ಮೊದಲು ಆ ತೆಳುವಾದ ತಟ್ಟೆಯನ್ನು ನೆನೆಯಿರಿ. ಅವನು ಇನ್ನೂ ನಾಲ್ಕು ಬೆರಳು ಬೆಳೆಯಬೇಕಾಗಿದೆ.